ಕಾರಣದ ಕಾಲಂನಲ್ಲಿ ಒಂದು ಅಡ್ಡಗೆರೆ

ನೇರಲಹಟ್ಟಿ ಹಾರುತಾಣ
ಫೆಬ್ರವರಿ ಮೂವತ್ತು, ೨೧೮೭

೨೦೨೬ರ ಜೂನ್ ಹದಿನೆಂಟರ ಬೆಳಗಿನ ಪಾಳಿಯಲ್ಲಿದ್ದ ಎಂಜಿನಿಯರ್ ಅವರಿಗೆ,

ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಿಮ್ಮ ಫೆಬ್ರವರಿಗೆ ಇಪ್ಪತ್ತೆಂಟೇ ದಿನ, ಅಪರೂಪಕ್ಕೆ ಇಪ್ಪತ್ತೊಂಬತ್ತು ಎಂಬುದು ನನಗೂ ಗೊತ್ತು. ನಮ್ಮ ಕಾಲದಲ್ಲಿ ಹನ್ನೆರಡು ತಿಂಗಳಿಗೂ ಸಮನಾಗಿ ಮೂವತ್ತು ದಿನ ಹಂಚಿ, ಮಿಕ್ಕ ಐದಾರು ದಿನಗಳನ್ನು ವರ್ಷದ ಕೊನೆಗೆ ಗುಡ್ಡೆ ಹಾಕಿದ್ದಾರೆ. ಅವಕ್ಕೆ ತಿಂಗಳೂ ಇಲ್ಲ, ವಾರವೂ ಇಲ್ಲ. ಉಳಿಕೆ ದಿನ ಎನ್ನುತ್ತೇವೆ, ಮದುವೆ ಮುಂಜಿಗಳನ್ನು ಅವುಗಳಲ್ಲೇ ಮುಗಿಸಿಕೊಳ್ಳುತ್ತೇವೆ. ನಿಮಗೂ ನನಗೂ ನಡುವೆ ನೂರ ಅರವತ್ತೊಂದು ವರ್ಷ ಬಿದ್ದಿರುವುದರಿಂದ ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಇರಲಿ. ಕ್ಷಮೆ ಕೇಳುವುದು ಇದೊಂದಕ್ಕೇ. ಮುಂದೆ ಬರೆಯಲಿರುವ ಯಾವುದಕ್ಕೂ ಕೇಳುವುದಿಲ್ಲ.

ನಾನು ಕಾಟಮ್ಮ. ಚಳ್ಳಕೆರೆಗೆ ಉತ್ತರದಲ್ಲಿರುವ ಈ ಬಯಲಿನ ಹಾರುತಾಣದಲ್ಲಿ ಇಪ್ಪತ್ತಾರು ವರ್ಷದಿಂದ ದನಿಗಾರ್ತಿ. ನಿಮ್ಮ ಕೆಲಸಕ್ಕೆ ವಾಯು ಸಂಚಾರ ಸುರಕ್ಷತಾ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಎಂದು ಹೆಸರಿತ್ತಂತೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಒಂದು ವಿಮಾನ ಇಳಿದಿರಬೇಕು. ನೆಲದಿಂದ ಆಕಾಶಕ್ಕೆ ಹೋಗುವ ದನಿಯನ್ನು ಕಾಯುವವರು ಎಂಬ ಅರ್ಥದಲ್ಲಿ ನಾವು ಅದನ್ನು ದನಿಗಾರ ಎಂದು ಮೊಟಕು ಮಾಡಿಕೊಂಡಿದ್ದೇವೆ. ಊರಿನ ಅರ್ಧ ಜನರ ಕಿವಿಗೆ ಅದು ದನಗಾಹಿ ಎಂದೇ ಬೀಳುತ್ತದೆ. ನನಗೇನೂ ಬೇಸರವಿಲ್ಲ. ನನ್ನ ಹಿರೀಕರು ಇದೇ ಬಯಲಿನಲ್ಲಿ ದನ ಕಾದವರು.

ನಮ್ಮ ಕಸುಬಿನಲ್ಲೊಂದು ಪದ್ಧತಿ ಇದೆ. ಪ್ರತಿಯೊಬ್ಬ ದನಿಗಾರರೂ ಸೇವೆಯಲ್ಲಿರುವಾಗ ಒಮ್ಮೆ, ತಮಗಿಂತ ಹಿಂದೆ ದುಡಿದ, ಮುಖ ಕಾಣದ ಒಬ್ಬರಿಗೆ ಕಾಗದ ಬರೆಯಬೇಕು. ಹಿಂದೋಲೆ ಎನ್ನುತ್ತೇವೆ. ಬರೆದದ್ದನ್ನು ಯಂತ್ರಕೋಣೆಯ ಗೋಡೆಗೂಡಿನಲ್ಲಿ ಇಡುತ್ತೇವೆ. ಅದು ಯಾರಿಗೂ ತಲುಪುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಬರೆಯುತ್ತೇವೆ. ನಮ್ಮ ಗೂಡಿನಲ್ಲಿ ಇಪ್ಪತ್ತು ಮೂವತ್ತು ಹಿಂದೋಲೆಗಳಿವೆ. ಎಲ್ಲವೂ ನೀವು ಹಾಕಿಕೊಟ್ಟ ದಾರಿ, ನಿಮ್ಮ ಋಣ ತೀರಿಸಲಾರೆವು ಎಂಬ ಧಾಟಿಯವು. ನನ್ನದು ಹಾಗಿಲ್ಲ. ನಾನು ನಿಮ್ಮ ಜೊತೆ ಜಗಳಕ್ಕೆ ಬಂದಿದ್ದೇನೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ವಾಯುಪಥ ಮಂಡಳಿಯ ಮುಂದೆ ನನ್ನ ವಿಚಾರಣೆ. ನನ್ನನ್ನು ಮನೆಗೆ ಕಳಿಸಬೇಕೆಂದು ಅವರು ಹೊರಟಿದ್ದಾರೆ, ಮತ್ತು ಅದಕ್ಕೆ ಅವರು ಹಿಡಿದಿರುವ ಮೊದಲ ಸಾಕ್ಷಿ ನೀವು.

ಮೊದಲು ನಮ್ಮ ಆಕಾಶ ಎಂಥದೆಂದು ಹೇಳಬೇಕು. ಸಂಕ್ರಾಂತಿ ಕಳೆದು ಎರಡು ವಾರಕ್ಕೆ ನಮ್ಮಲ್ಲಿ ಧೂಳುಗಾಲ ಶುರುವಾಗುತ್ತದೆ, ಯುಗಾದಿಯವರೆಗೂ ಬಿಡುವುದಿಲ್ಲ. ಹೊತ್ತು ಹುಟ್ಟಿದ್ದು ಗೋಡೆಯ ಬಣ್ಣ ಬದಲಾದಾಗಲೇ ತಿಳಿಯುವುದು. ಬಟ್ಟೆಯನ್ನು ಮನೆಯೊಳಗೇ ಒಣಗಿಸುತ್ತೇವೆ. ಮುದ್ದೆ ತೊಳಸುವ ಮೊದಲು ಕಿಟಕಿಗೆ ಒದ್ದೆ ಕಂಬಳಿ ಇಳಿಬಿಡುತ್ತೇವೆ. ಹೊರಗೆ ಕಾಲಿಟ್ಟರೆ ಮೂಗುಪಟ್ಟಿ ಬೇಕೇ ಬೇಕು. ಮುಖದಲ್ಲಿ ಕಣ್ಣು ಮಾತ್ರ ಕಾಣುವುದರಿಂದ ನಮ್ಮ ಕಡೆಯವರು ಹುಬ್ಬಿನಲ್ಲೇ ಜಗಳವಾಡುವುದನ್ನು ಕಲಿತಿದ್ದಾರೆ. ರಸ್ತೆಗಳು ವರ್ಷದ ಎರಡು ಮೂರು ತಿಂಗಳು ಮಣ್ಣಿನಡಿ ಹೂತುಹೋಗುವ ಕಾರಣ ಜನ ಊರಿಂದೂರಿಗೆ ಹೋಗುವುದು ಹಾರುಬಸ್ಸಿನಲ್ಲಿ. ಮೂವತ್ತು ಜನ ಹಿಡಿಸುವ ಗಾಡಿ ಅದು. ಚಾಲಕರಿಲ್ಲ. ವಾಂತಿಯ ಚೀಲ ಕೊಡಲು, ಅಜ್ಜಿಯರಿಗೆ ಧೈರ್ಯ ಹೇಳಲು ಒಬ್ಬ ಜೊತೆಗಾತಿ ಇರುತ್ತಾಳೆ, ಅಷ್ಟೇ. ಕಡಲೆಕಾಯಿ ಮೂಟೆ, ಕುರಿಮರಿ, ಮದುವೆ ದಿಬ್ಬಣ, ಎಲ್ಲ ಅದರಲ್ಲೇ. ನಿಮ್ಮ ಕಾಲದಲ್ಲಿ ದಾರಿ ಹೇಳಲು ಆಕಾಶದ ಮೇಲೆ ಉಪಗ್ರಹಗಳಿದ್ದವು. ನೀವೂ ನಿಮ್ಮ ಮಕ್ಕಳೂ ಸೇರಿ ಅಲ್ಲಿ ಎಷ್ಟು ಸಾಮಾನು ತುಂಬಿದಿರೆಂದರೆ ಕೊನೆಗೆ ಅವು ಒಂದಕ್ಕೊಂದು ಡಿಕ್ಕಿ ಹೊಡೆದು ಚೂರಾದವು. ಆ ಚೂರುಗಳ ನಡುವೆ ಈಗ ಏನನ್ನು ಕಳಿಸಿದರೂ ಬಾಳುವುದಿಲ್ಲ. ಹಾಗಾಗಿ ದಾರಿ ಹೇಳುವ ಕೆಲಸ ಮತ್ತೆ ನೆಲಕ್ಕೇ ಬಂತು, ನಮ್ಮ ಕೈಗೆ ಬಂತು.

ನಮ್ಮ ಯಂತ್ರ ನಿಮ್ಮ ಯಂತ್ರದ ಮರಿಮಗಳೇ, ನಿಮಗೆ ವಿವರಿಸುವುದು ತಮಾಷೆ. ಆದರೂ ಈ ಕಾಗದ ಬೇರೆ ಯಾರ ಕೈಗಾದರೂ ಸಿಕ್ಕೀತೆಂದು ಬಿಡಿಸಿ ಹೇಳುತ್ತೇನೆ. ಓಡುದಾರಿಯ ತುದಿಯಲ್ಲಿ ನಿಂತ ಆಂಟೆನಾ ಸಾಲು ಒಂದು ರೇಡಿಯೊ ದನಿಯನ್ನು ಕಳಿಸುತ್ತದೆ. ಅದರ ಹೆಸರು ದಾರಿದನಿ. ಬಸ್ಸು ಎಡಕ್ಕೆ ಸರಿದರೆ ಅದಕ್ಕೆ ಒಂದು ಬಗೆಯ ದನಿ ಜೋರಾಗಿ ಕೇಳುತ್ತದೆ, ಬಲಕ್ಕೆ ಸರಿದರೆ ಇನ್ನೊಂದು. ಎರಡೂ ಸಮನಾಗಿ ಕೇಳುವ ಗೆರೆ ಹಿಡಿದು ಇಳಿದರೆ ಧೂಳಿನಲ್ಲಿ ಏನೂ ಕಾಣದಿದ್ದರೂ ಓಡುದಾರಿ ಕಾಲಡಿಗೆ ಬರುತ್ತದೆ. ಈ ದನಿಯೇ ತಪ್ಪು ಗೆರೆ ತೋರಿಸಿದರೆ? ಅದಕ್ಕಾಗಿ ಅಲ್ಲೇ ಪಕ್ಕದಲ್ಲಿ ಕಾವಲುಕಿವಿ ಎಂಬ ಇನ್ನೊಂದು ಯಂತ್ರ ಕೂತಿರುತ್ತದೆ. ದಾರಿದನಿ ಒಂದಿಷ್ಟು ಜಾರಿದರೂ ಸಾಕು, ಒಂದೇ ಕ್ಷಣದಲ್ಲಿ ಅದರ ಬಾಯಿ ಮುಚ್ಚಿಸುವುದು ಅದರ ಕೆಲಸ. ಸುಳ್ಳು ದನಿಗಿಂತ ದನಿಯೇ ಇಲ್ಲದಿರುವುದು ಮೇಲು ಎಂಬುದು ನಿಮ್ಮಿಂದ ನಮಗೆ ಬಂದ ಮೊದಲ ಪಾಠ.

ಕಾವಲುಕಿವಿ ಕಿವುಡಾಗಿಲ್ಲ ಎಂದು ತಿಳಿಯುವುದು ಹೇಗೆ? ಅದನ್ನು ಮೋಸ ಮಾಡಿ ನೋಡಬೇಕು. ಪ್ರತಿದಿನ ಬೆಳಿಗ್ಗೆ ಆರಕ್ಕೆ ದನಿಗಾರರು ಬೇಕೆಂದೇ ದಾರಿದನಿಯನ್ನು ಒಂದಿಷ್ಟು ತಿರುಚಿ, ಕಿವಿ ಹಿಡಿಯುತ್ತದೋ ಇಲ್ಲವೋ ಎಂದು ಕಾಯುತ್ತಾರೆ. ಹಾಗೆ ತಿರುಚುವಾಗ ಯಾವುದಾದರೂ ಬಸ್ಸು ಅದನ್ನು ನಂಬಿ ಇಳಿಯಬಾರದಲ್ಲ, ಅದಕ್ಕೆ ಮೊದಲು ಹೆಸರು ಇಳಿಸುತ್ತೇವೆ. ಪ್ರತಿ ದಾರಿದನಿಯೂ ತನ್ನ ಹೆಸರಿನ ಮೂರು ಅಕ್ಷರಗಳನ್ನು ಉದ್ದ ಗಿಡ್ಡ ಸದ್ದುಗಳಲ್ಲಿ ಬಿಡದೆ ಹೇಳಿಕೊಳ್ಳುತ್ತಿರುತ್ತದೆ, ನಿಮ್ಮಲ್ಲೂ ಹಾಗೇ ಇತ್ತು. ಆ ಹೆಸರು ನಿಂತರೆ ಬಸ್ಸುಗಳು ದನಿ ಕೇಳುತ್ತಿದ್ದರೂ ನಂಬುವುದಿಲ್ಲ. ಪರೀಕ್ಷೆ ಮುಗಿದು, ಎಲ್ಲ ಸರಿಯಿದೆ ಎಂದು ಮನಸ್ಸಿಗೆ ಬಂದ ಮೇಲೆ ರಿಜಿಸ್ಟರಿನಲ್ಲಿ ಒಪ್ಪ ಹಾಕಿ ಹೆಸರನ್ನು ಮತ್ತೆ ಏರಿಸುತ್ತೇವೆ. ಒಪ್ಪ ಎಂದರೆ ನಮ್ಮಲ್ಲಿ ಬರೀ ಸಹಿಯಲ್ಲ. ಒಪ್ಪಿದ್ದೇನೆ, ನನ್ನ ಮಗುವನ್ನೂ ಈ ದನಿಯ ಮೇಲೆ ಕಳಿಸಿಯೇನು ಎಂಬ ಮಾತು ಅದು. ಒಪ್ಪದಿದ್ದರೆ ಒಪ್ಪ ಇಲ್ಲ, ಒಪ್ಪ ಇಲ್ಲದೆ ಹೆಸರು ಏರುವುದಿಲ್ಲ. ಇಡೀ ಮಂಡಳಿ ತಲೆಕೆಳಗಾಗಿ ನಿಂತರೂ ಏರುವುದಿಲ್ಲ.

ಈ ತಿಂಗಳ ಇಪ್ಪತ್ತೆರಡರಂದು ನಾನು ಇಳಿಸಿದ ಹೆಸರನ್ನು ಏರಿಸಲಿಲ್ಲ. ಕತೆ ಇಷ್ಟೇ.

ಹಿಂದಿನ ದಿನ ಸಂಜೆ ಗುತ್ತಿಗೆ ತಂಡದವರು ಬಂದು ದಾರಿದನಿಯ ಒಂದು ಸರ್ಕಿಟ್ ಕಾರ್ಡು ಬದಲಿಸಿದ್ದರು. ಹಾಗೆ ಕೆಲಸ ಮಾಡುವಾಗ ಕಾವಲುಕಿವಿಗೆ ಮುಚ್ಚಳ ಹಾಕುತ್ತಾರೆ, ಇಲ್ಲದಿದ್ದರೆ ಅದು ನಿಮಿಷಕ್ಕೊಮ್ಮೆ ಬೊಬ್ಬೆ ಹೊಡೆಯುತ್ತದೆ. ಕೆಲಸ ಮುಗಿದ ಮೇಲೆ ಮುಚ್ಚಳ ತೆಗೆಯಬೇಕು. ಅವರು ತೆಗೆಯಲಿಲ್ಲ. ಮರೆತರು. ನಮ್ಮ ಕಸುಬಿನವರನ್ನು ಬಿಟ್ಟು ಬೇರೆ ಯಾರೂ ಮಾಡಲಾಗದ ತಪ್ಪು ಇದು, ನಿಮ್ಮ ಕಾಲದಲ್ಲೂ ಆಗಿರದೆ ಇರದು. ನನ್ನ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಂಡ ಹೊರಡುವಾಗ ದನಿಗಾರರು ಎದುರಿಗಿದ್ದು ಮುಚ್ಚಳ ತೆಗೆದದ್ದನ್ನು ಕಣ್ಣಾರೆ ನೋಡಬೇಕೆಂಬ ನಿಯಮವಿದೆ. ಬಳ್ಳಾರಿಯಲ್ಲಿ ಹಾಸ್ಟೆಲಿನಲ್ಲಿರುವ ನನ್ನ ಮಗಳು ಹೊನ್ನೂರಿ ಮರುದಿನ ಬರುವವಳಿದ್ದಳು. ಮನೆ ಗುಡಿಸಿ ಒರೆಸುವ ಆತುರದಲ್ಲಿ ನಾನು ಅರ್ಧ ಗಂಟೆ ಮೊದಲೇ ಹೊರಟುಬಿಟ್ಟೆ.

ಮರುದಿನ ನಮ್ಮೂರ ಕಾಲೇಜಿನಲ್ಲಿ ವೈದ್ಯ ಪ್ರವೇಶ ಪರೀಕ್ಷೆ ಇತ್ತು. ಮೂರು ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ಹಾಕಿದರೆ ಮುಗಿಯಿತು. ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಆರು ಹಾರುಬಸ್ಸುಗಳಲ್ಲಿ ನೂರ ಎಪ್ಪತ್ತಕ್ಕೂ ಹೆಚ್ಚು ಮಕ್ಕಳು ಬರಬೇಕಿತ್ತು. ಆರು ನಲವತ್ತಕ್ಕೆ ಇಳಿಯಬೇಕಿದ್ದ ಮೊದಲ ಬಸ್ಸಿನಲ್ಲಿ ಹೊನ್ನೂರಿ ಇದ್ದಳು. ಆರಕ್ಕೆ ನಾನು ಎಂದಿನಂತೆ ಹೆಸರು ಇಳಿಸಿ ದನಿಯನ್ನು ತಿರುಚಿದೆ. ಒಂದು ಕ್ಷಣದಲ್ಲಿ ಬಾಯಿ ಮುಚ್ಚಬೇಕಿತ್ತು. ಹತ್ತು ಎಣಿಸಿದೆ. ಮುಚ್ಚಲಿಲ್ಲ. ಯಂತ್ರದ ಮುಖದ ಮೇಲೆ ಹಸಿರು ದೀಪ ತಣ್ಣಗೆ ಉರಿಯುತ್ತಿತ್ತು. ತಿರುಚಿದ್ದನ್ನು ಮೊದಲಿನ ಜಾಗಕ್ಕೆ ತಂದಿಟ್ಟು, ಕೈಮಾಪಕ ಹಿಡಿದು ಧೂಳಿನಲ್ಲಿ ಓಡುದಾರಿಗೆ ಓಡಿದೆ. ಸೊನ್ನೆ ತೋರಿಸಬೇಕಾದ ಕಲ್ಲಿನ ಹತ್ತಿರ ಮುಳ್ಳು ಸೊನ್ನೆಯಲ್ಲಿರಲಿಲ್ಲ. ನಾನು ತಿರುಚದೆಯೇ ದನಿ ತಾನಾಗಿ ಪಡುವಣಕ್ಕೆ ಜಾರಿತ್ತು. ಓಡುದಾರಿಯಿಂದ ಮೂರು ಕಿಲೋಮೀಟರ್ ಆಚೆಗೆ ಲೆಕ್ಕ ಹಾಕಿದರೆ ಗೆರೆ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕಿತ್ತು. ಅಲ್ಲಿ ಗುಡ್ಡದ ಮೇಲೆ ನಿಮ್ಮ ಕಾಲದ ಗಾಳಿಯಂತ್ರಗಳ ಕಂಬಗಳಿವೆ. ರೆಕ್ಕೆಗಳೆಲ್ಲ ಎಂದೋ ಉದುರಿವೆ, ಕಂಬಗಳನ್ನು ಕೀಳುವ ತ್ರಾಣ ಯಾರಿಗೂ ಇಲ್ಲ.

ಬಳ್ಳಾರಿಯ ನಿಯಂತ್ರಣ ಕೊಠಡಿಯಿಂದ ಕರೆ ಬಂತು. ಆ ಹುಡುಗಿಯ ದನಿ ಈಗಲೂ ಕಿವಿಯಲ್ಲಿದೆ. “ಅಕ್ಕಾ, ಹೆಸ್ರು ಏರಿಸ್ರಿ, ಬಸ್ಸು ಮ್ಯಾಲೆ ಸುತ್ತಾಕ ಹತ್ತೈತಿ. ಇಲ್ಲಿ ಬೋರ್ಡ್‌ನಾಗ ಎಲ್ಲ ಹಸಿರೇ ಐತಲ್ಲ.” ನಾನು, “ಬೋರ್ಡು ಹಸಿರು ತೋರ್ಸ್ಲಿ, ಕೆಂಪು ತೋರ್ಸ್ಲಿ ಕಣವ್ವ, ನನ್ ಕಿವಿ ಕಿವುಡಾಗೈತೆ. ಏರ್ಸಾಕಿಲ್ಲ” ಎಂದೆ. ಐದು ನಿಮಿಷಕ್ಕೆ ಅವಳ ಮೇಲಿನವರು, ಇನ್ನೈದು ನಿಮಿಷಕ್ಕೆ ಅವರ ಮೇಲಿನವರು. ಪರೀಕ್ಷೆಯ ಮಕ್ಕಳಿದ್ದಾರೆ ಎಂದರು. ನಿಮ್ಮ ಮಗಳೂ ಇದ್ದಾಳಲ್ಲವೇ ಎಂದರು. ನಾನು ದಾರಿದನಿಯನ್ನೇ ಪೂರ್ತಿ ನಿಲ್ಲಿಸಿದೆ. ಆರೂ ಬಸ್ಸುಗಳು ಬಳ್ಳಾರಿಗೆ ತಿರುಗಿದವು. ಹೊಸ ಕಾರ್ಡು ತೆಗೆದು ಹಳೆಯದನ್ನು ಹಾಕಿ, ಮುಚ್ಚಳ ಬಿಚ್ಚಿ, ಮೂರು ಸಲ ಪರೀಕ್ಷೆ ಮಾಡಿ, ಒಪ್ಪ ಹಾಕಿ ಹೆಸರು ಏರಿಸುವಾಗ ಒಂಬತ್ತು ದಾಟಿತ್ತು.

ಮತ್ತೆ ಏನಾಯಿತು ಎಂದು ಕೇಳುತ್ತೀರಾ? ಏನೂ ಆಗಲಿಲ್ಲ. ಯಾವ ಬಸ್ಸೂ ಕಂಬಕ್ಕೆ ಬಡಿಯಲಿಲ್ಲ, ಯಾರ ಮನೆಯಲ್ಲೂ ಅಳು ಕೇಳಲಿಲ್ಲ. ನಮ್ಮ ಕಸುಬಿನ ಗ್ರಹಚಾರವೇ ಇದು. ಗೆದ್ದರೆ ತೋರಿಸಲು ಏನೂ ಇರುವುದಿಲ್ಲ. ಆಗದೆ ಹೋದ ಅಪಘಾತವನ್ನು ಕಂಡವರಿಲ್ಲ, ತಪ್ಪಿಹೋದ ಪರೀಕ್ಷೆಯನ್ನು ಊರೆಲ್ಲ ಕಂಡಿದೆ. ಅಂಗಡಿಯವನು ಎಣ್ಣೆ ಅಳೆಯುವಾಗ ಮುಖ ತಿರುಗಿಸುತ್ತಾನೆ. ನನ್ನ ಮನೆಗೋಡೆಯ ಧೂಳಿನ ಮೇಲೆ ಯಾರೋ ಬೆರಳಿನಲ್ಲಿ 'ಕಿವುಡಿ' ಎಂದು ಬರೆದಿದ್ದರು. ನಾನು ಅಳಿಸಲಿಲ್ಲ, ಮರುದಿನದ ಗಾಳಿ ಅಳಿಸಿತು. ಹೊನ್ನೂರಿ ಬಂದವಳು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಚೀಲ ತುಂಬಿಕೊಳ್ಳುತ್ತಾ ಅಂದಳು: “ಮೂರು ವರ್ಷ ಕೂತು ಓದಿದ್ದು, ಅವ್ವಾ. ನೀನು ಒಂದ್ ಗುಂಡಿ ಒತ್ತಿದ್ರೆ ಮುಗೀತಿತ್ತು.” ಅವಳಿಗೆ ಕಂಬಗಳ ವಿಷಯ ಹೇಳಿದೆ. “ಅದು ನಿನ್ ಮೀಟ್ರು ಹೇಳಿದ್ದು” ಎಂದು ಹೊರಟುಹೋದಳು. ನನಗೆ ಆ ಹೊತ್ತು ಎದೆ ಒಡೆದುಹೋಯಿತು, ಸುಳ್ಳೇಕೆ ಹೇಳಲಿ. ಆದರೆ ಮಾತಾಡದೆ ಮುನಿಸಿಕೊಂಡು ಹೋಗಲು ಅವಳು ಬದುಕಿದ್ದಾಳೆ.

ಮಂಡಳಿ ಆ ಕಾರ್ಡನ್ನು ತರಿಸಿಕೊಂಡು ತಮ್ಮ ತಣ್ಣನೆಯ ಕೋಣೆಯಲ್ಲಿ ಪರೀಕ್ಷಿಸಿತು. ಅದು ಬಿಸಿಯೇರಿದಾಗ ಮಾತ್ರ ಜಾರುವ ಕಾರ್ಡು, ಅಲ್ಲಿ ಚಿನ್ನದಂತೆ ಕೆಲಸ ಮಾಡಿತಂತೆ. ಮುಚ್ಚಳ ಹಾಕಿದ್ದಾಗ ಕಾವಲುಕಿವಿ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಯಂತ್ರದ ನೆನಪಿನಲ್ಲಿ ಇರುವುದಿಷ್ಟು: ಹಸಿರು, ಹಸಿರು, ಕೈಯಾರೆ ನಿಲ್ಲಿಸಲಾಗಿದೆ, ಮತ್ತೆ ಹಸಿರು. ಗುತ್ತಿಗೆ ತಂಡದವರು ಮುಚ್ಚಳ ತೆಗೆದೇ ಹೋಗಿದ್ದೆವು ಎನ್ನುತ್ತಿದ್ದಾರೆ. ಮಂಡಳಿಯ ಟಿಪ್ಪಣಿ ನನ್ನ ಮುಂದಿದೆ. ಮಗಳು ಬಸ್ಸಿನಲ್ಲಿದ್ದುದರಿಂದ ತಾಯಿ ಗಾಬರಿಯಾದಳು ಎಂದು ಬರೆದಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿದ್ದು ಆ ಸಾಲಿಗೆ. ಬಸ್ಸಿನಲ್ಲಿ ಬರೀ ಕಡಲೆಕಾಯಿ ಮೂಟೆ ಇದ್ದಿದ್ದರೂ ನಾನು ಏರಿಸುತ್ತಿರಲಿಲ್ಲ. ಕೊನೆಯ ಸಾಲಿನಲ್ಲಿ ಅವರ ನಿಜವಾದ ಆಸೆ ಇದೆ: ಮನುಷ್ಯರ ಒಪ್ಪ ಇನ್ನು ಸಾಕು, ಇನ್ನೂರ ಹನ್ನೆರಡು ಹಾರುತಾಣಗಳಲ್ಲೂ ಯಂತ್ರ ತನಗೆ ತಾನೇ ಒಪ್ಪ ಹಾಕಿಕೊಳ್ಳಲಿ. ಆ ದಿನ ತನ್ನ ಕಿವಿಗೆ ಮುಚ್ಚಳ ಬಿದ್ದದ್ದೂ ತಿಳಿಯದೆ ಹಸಿರು ತೋರಿಸುತ್ತಿದ್ದ ಅದೇ ಯಂತ್ರ.

ಇಪ್ಪತ್ತೇಳರಂದು ಗುರುಸಿದ್ದಯ್ಯನವರು ಮನೆಗೆ ಬಂದರು. ನನಗೆ ಈ ಕೆಲಸ ಕಲಿಸಿದವರು ಅವರೇ, ಈಗ ಮಂಡಳಿಯ ಐವರಲ್ಲಿ ಒಬ್ಬರು. ಹೊಸದಾಗಿ ಸೇರಿದಾಗ ನಾನು ಹತ್ತು ಎಣಿಸುವ ಬದಲು ಐದಕ್ಕೇ ಕೈಬಿಟ್ಟೆನೆಂದು ಒಂದಿಡೀ ದಿನ ಊಟಕ್ಕೆ ಬಿಡದೆ ಪರೀಕ್ಷೆ ಮಾಡಿಸಿದವರು. ಟೀ ಕುಡಿದರು. ಆಮೇಲೆ ಒಂದು ಕಡತ ಮುಂದಿಟ್ಟರು. ಇಪ್ಪತ್ತೆರಡರ ರಿಜಿಸ್ಟರಿನಲ್ಲಿ ಕಾರಣದ ಕಾಲಂ ಸಾಲದೆ ನಾನು ಒಂದು ಪುಟ ತುಂಬಾ ಬರೆದಿದ್ದೆ. ಕಾರ್ಡು, ಮುಚ್ಚಳ, ತಂಡ, ನಾನು ಬೇಗ ಮನೆಗೆ ಹೋದದ್ದು, ಕರೆ ಮಾಡಿದವರು, ಅವರು ಹೇಳಿದ್ದು, ಎಲ್ಲ. ಆ ಪುಟಕ್ಕೆ ಅಡ್ಡ ಹೊಡೆದು, ಕಾರಣದ ಜಾಗದಲ್ಲಿ ಒಂದು ಗೆರೆ ಎಳೆದುಬಿಟ್ಟರೆ ವಿಚಾರಣೆಯೇ ಇರುವುದಿಲ್ಲ ಎಂದರು. “ಒಂದ್ ಅಡ್ಡಗೆರೆ ಕಣಮ್ಮಾ. ಹಿಂದಿನೋರೂ ಹಂಗೇ ಮಾಡವ್ರೆ, ನೋಡಿಲ್ಲಿ. ನಿನ್ ಕೆಲ್ಸನೂ ಉಳೀತೈತೆ, ಆ ತಂಡದ ಹುಡ್ಗೀರ ಅನ್ನನೂ ಉಳೀತೈತೆ.” ಹಾಗೆಂದು ಅವರು ತೆಗೆದು ತೋರಿಸಿದ್ದು ನಿಮ್ಮ ಪುಟ.

ಬೆಳಿಗ್ಗೆ ೬.೧೦: ಸೇವೆಯಿಂದ ಇಳಿಸಲಾಗಿದೆ. ಕಾರಣ: ಒಂದು ಅಡ್ಡಗೆರೆ. ೯.೨೫: ಸಾಮಾನ್ಯ. ಕೆಳಗೆ ಎರಡಕ್ಷರದ ಸಹಿ, ಎರಡನೆಯದಕ್ಕೆ ಉದ್ದನೆಯ ಬಾಲ. ನೀವು ಗಂಡೋ ಹೆಣ್ಣೋ, ಯಾವ ಊರಿನವರೋ ನನಗೆ ತಿಳಿಯದು. ಅದರ ಹಿಂದೆ ಮುಂದೆ ನಿಮ್ಮ ಕಾಲದ ನಲವತ್ತು ಸಾವಿರ ಪುಟಗಳಿದ್ದವು, ಮಂಡಳಿ ಎಲ್ಲವನ್ನೂ ಓದಿಸಿದೆ. ಸಾಮಾನ್ಯ, ಸಾಮಾನ್ಯ, ಸಾಮಾನ್ಯ. ನಲವತ್ತು ಸಾವಿರ ಪುಟ ಏನೂ ಆಗಿಲ್ಲ ಎಂದು ಬರೆದವರು ಏನೂ ಮಾಡಿಲ್ಲ ಎಂದೇ ಲೆಕ್ಕ ಎಂದು ಟಿಪ್ಪಣಿ ಹೇಳುತ್ತದೆ. ಯಾರೋ ಒಬ್ಬರು ಏನೋ ಮಾಡಿದ್ದು ಸಿಕ್ಕಿದರೆ, ಅದೂ ಯಾವ ಕಾರಣವೂ ಇಲ್ಲದೆ ಮೂರು ಗಂಟೆ ಸೇವೆ ನಿಲ್ಲಿಸಿದ್ದು. ಮೊದಲ ಸಾಕ್ಷಿ. ದನಿಗಾರರ ಹುಚ್ಚಾಟ ಹಳೆಯದು ಎನ್ನಲು.

ನಾನು ನಿಮ್ಮ ವಿಮಾನ ನಿಲ್ದಾಣದ ಆ ದಿನದ ಬೇರೆ ಪುಸ್ತಕಗಳನ್ನೂ ತೆಗೆಸಿ ನೋಡಿದೆ. ಹವಾಮಾನದವರ ಪುಸ್ತಕದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಮೋಡ, ಒಂದೇ ಎತ್ತರ. ಆರು ಗಂಟೆಯವರೆಗೆ ಆ ಮೋಡದಲ್ಲೇ ವಿಮಾನಗಳು ಇಳಿದಿವೆ. ಒಂಬತ್ತೂವರೆಯ ನಂತರವೂ ಇಳಿದಿವೆ. ನಡುವೆ ಒಂಬತ್ತು ವಿಮಾನಗಳನ್ನು ಬೇರೆ ಊರಿಗೆ ಕಳಿಸಿದ್ದಾರೆ, ಕಾರಣ ಹವಾಮಾನ ಎಂದು ಬರೆದಿದ್ದಾರೆ. ಹವಾಮಾನವಲ್ಲ ಹಿರಿಯರೇ, ಅದು ನೀವು. ನೀವು ಹೆಸರು ಇಳಿಸಿದಿರಿ. ಮೂರು ಗಂಟೆ ಕಾಲ ಫೋನಿನಲ್ಲಿ ಬೈಸಿಕೊಂಡಿರಿ. ಒಂಬತ್ತು ವಿಮಾನಗಳಲ್ಲಿ ಎಷ್ಟು ಜನ ಇದ್ದಿರಬಹುದು, ಸಾವಿರದ ಮೇಲೆ ಇರಬೇಕು. ಅವರು ಯಾವುದೋ ಊರಿನ ಕುರ್ಚಿಗಳಲ್ಲಿ ಕೂತು ಮಳೆಯನ್ನು ಬೈಯುತ್ತಿದ್ದಾಗ ನೀವು ಒದ್ದೆ ಹುಲ್ಲಿನಲ್ಲಿ ಮಾಪಕ ಹಿಡಿದು ನಡೆಯುತ್ತಿದ್ದಿರಿ. ಆಮೇಲೆ ಒಳಗೆ ಬಂದು, ಕೈ ಒರೆಸಿಕೊಂಡು, ಒಂದು ಅಡ್ಡಗೆರೆ ಎಳೆದಿರಿ.

ಏಕೆ ಎಳೆದಿರೆಂದು ನನಗೆ ಅನುಮಾನ ಕೂಡ ಇಲ್ಲ. ಹಿಂದಿನ ಪಾಳಿಯವರು ಯಾರೋ ಮುಚ್ಚಳ ತೆಗೆಯಲು ಮರೆತಿದ್ದರು. ಗೆಳೆಯರೇ ಇರಬೇಕು. ಕಾರಣ ಬರೆದರೆ ಅವರ ಕುತ್ತಿಗೆಗೆ ಬರುತ್ತಿತ್ತು. ಒಳ್ಳೆಯವರು ನೀವು. ಯಾರಿಗೂ ನೋವಾಗಬಾರದು, ಕೆಲಸ ಆಯಿತಲ್ಲ, ಮಾಡಿದ್ದನ್ನು ಸಾರಿಕೊಂಡು ತಿರುಗುವುದು ಏಕೆ ಎಂದುಕೊಂಡಿರಿ. ಆ ಒಳ್ಳೆಯತನಕ್ಕೆ ನನ್ನ ನಮಸ್ಕಾರ ಇಲ್ಲ. ಆ ಗೆರೆ ಎಳೆದಾಗ ನಿಮ್ಮ ಗೆಳೆಯರೊಬ್ಬರು ಉಳಿದರು, ನಿಜ. ಆದರೆ ಅದೇ ಮುಚ್ಚಳದ ಮರೆವು ನೂರ ಅರವತ್ತೊಂದು ವರ್ಷ ಯಾರ ಕಣ್ಣಿಗೂ ಬೀಳದೆ ನಡೆದುಕೊಂಡು ಬಂತು. ನೀವು ಬರೆದಿದ್ದರೆ ಯಾರೋ ಒಬ್ಬರು ಮುಚ್ಚಳ ಇದ್ದಾಗ ಹಸಿರು ದೀಪವೇ ಉರಿಯದಂತೆ ಮಾಡುತ್ತಿದ್ದರು. ಒಂದು ತಂತಿಯ ಕೆಲಸ ಅದು. ನಿಮಗೆ ವಿನಯ ಅನ್ನಿಸಿದ್ದನ್ನು ಇವತ್ತು ಅವರು ತಪ್ಪೊಪ್ಪಿಗೆ ಎಂದು ಓದುತ್ತಿದ್ದಾರೆ, ನೋಡಿ. ವಿಮಾನ ಇಳಿಸಿದವರ ಹೆಸರು ಜನಕ್ಕೆ ಗೊತ್ತಿತ್ತು, ಗೋಪುರದಲ್ಲಿ ಕೂತು ದಾರಿ ಹೇಳಿದವರ ದನಿಯಾದರೂ ಗೊತ್ತಿತ್ತು. ನಿಮ್ಮದು ಏನು ಗೊತ್ತಿತ್ತು? ನೀವೇ ನಿಮ್ಮನ್ನು ಅಳಿಸಿಕೊಂಡಿರಿ. ಅಳಿಸಿಕೊಳ್ಳುವುದೇ ನಮ್ಮ ಕಸುಬಿನ ಘನತೆ ಎಂದು ನಮಗೂ ಕಲಿಸಿ ಹೋದಿರಿ.

ಗುರುಸಿದ್ದಯ್ಯನವರಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. “ಅಯ್ಯನೋರೇ, ಗೆರೆ ಎಳ್ಯಾಕೆ ನೀವು ನಂಗೆ ಕಲಿಸ್ಲಿಲ್ಲ” ಎಂದೆ. ಅವರು ಕಡತವನ್ನು ಅಲ್ಲೇ ಬಿಟ್ಟು ಎದ್ದರು. ಬಾಗಿಲಲ್ಲಿ ನಿಂತು ಮೂಗುಪಟ್ಟಿ ಕಟ್ಟಿಕೊಂಡರು. “ನಾನೂ ಎಳ್ದಿದೀನಿ ಕಣೇ” ಎಂದರು. “ಎಷ್ಟೋ ಸಲ.” ಕಡತ ಮರೆತು ಹೋದರೋ ಬೇಕೆಂದೇ ಬಿಟ್ಟು ಹೋದರೋ ನನಗೆ ಗೊತ್ತಾಗಲಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಮೂರು ದಿನದಿಂದ ಪ್ರಯತ್ನಿಸುತ್ತಿದ್ದೇನೆ, ಆಗುತ್ತಿಲ್ಲ.

ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಆ ಪುಟವನ್ನು ಈಗ ತಿದ್ದಲಾಗದು. ಆದರೆ ಮರುದಿನ ನಿಮಗೆ ಮತ್ತೊಂದು ಪಾಳಿ ಇದ್ದಿರಬೇಕು, ಅದರ ಮರುದಿನ ಇನ್ನೊಂದು. ನಿಮ್ಮ ಪಕ್ಕದ ಕುರ್ಚಿಯಲ್ಲಿ ಬೇರೆಯವರೂ ಇದ್ದಾರೆ. ದಯವಿಟ್ಟು ಬರೆಯಿರಿ. ನಿಲ್ಲಿಸಿದ್ದನ್ನು ಬರೆಯಿರಿ, ಯಾಕೆ ನಿಲ್ಲಿಸಿದಿರೆಂದು ಬರೆಯಿರಿ, ಏರಿಸು ಎಂದು ಯಾರು ಒತ್ತಾಯ ಮಾಡಿದರು, ನೀವು ಏನಂದಿರಿ ಎಂದು ಬರೆಯಿರಿ. ನಿಮ್ಮದೇ ತಪ್ಪಿದ್ದರೆ ಅದನ್ನು ಮೊದಲು ಬರೆಯಿರಿ, ಆಗ ಮಿಕ್ಕದ್ದನ್ನು ಯಾರೂ ಅಲುಗಾಡಿಸಲಾರರು. ಕಾಲಂ ಚಿಕ್ಕದಾದರೆ ಅಂಚಿನಲ್ಲಿ ಬರೆಯಿರಿ. ಗೆಳೆಯರು ಎರಡು ದಿನ ಮಾತು ಬಿಟ್ಟಾರು, ಬಿಡಲಿ. ನನ್ನ ಮಗಳೇ ಬಿಟ್ಟಿದ್ದಾಳೆ, ನಾನು ಸತ್ತಿಲ್ಲ.

ಇನ್ನು ನಾಳೆಯ ವಿಷಯ. ವಿಚಾರಣೆ ಮುಗಿದು ಆದೇಶ ಕೈಗೆ ಬರುವವರೆಗೆ ಇಲ್ಲಿನ ಒಪ್ಪ ನನ್ನದೇ. ಮಂಡಳಿಯ ಐವರೂ ಬೆಳಿಗ್ಗೆ ಏಳು ಐವತ್ತರ ಬಸ್ಸಿನಲ್ಲಿ ಬರುತ್ತಿದ್ದಾರೆ. ಧೂಳು ಇವತ್ತು ಮಧ್ಯಾಹ್ನದಿಂದಲೇ ದಟ್ಟವಾಗಿದೆ, ನಾಳೆ ಓಡುದಾರಿ ಕಾಣುವುದಿಲ್ಲ. ಅವರಿಗೆ ದಾರಿ ಹೇಳಲು ಇರುವುದು ನನ್ನ ದಾರಿದನಿ, ಅದನ್ನು ಕಾಯಲು ನನ್ನ ಕಾವಲುಕಿವಿ, ಎರಡನ್ನೂ ನೋಡಿ ಒಪ್ಪ ಹಾಕಲು ನಾನು. ತನಗೆ ತಾನೇ ಒಪ್ಪ ಹಾಕಿಕೊಳ್ಳುವ ಯಂತ್ರದ ಮೇಲೆ ಅಷ್ಟು ನಂಬಿಕೆ ಇದ್ದವರು ಈ ಹೊತ್ತಿಗೆ ಕಾಟಮ್ಮನ ಒಪ್ಪ ಬೇಡ ಎಂದು ಒಂದು ಸಾಲು ಬರೆದು ಕಳಿಸಬಹುದಿತ್ತು. ಕಳಿಸಿಲ್ಲ. ಬೆಳಗಿನ ಪರೀಕ್ಷೆ ತಪ್ಪದೆ ಆಗಲಿ ಎಂದು ಸಂಜೆ ನಾಲ್ಕಕ್ಕೆ ಅವರ ಕಚೇರಿಯಿಂದಲೇ ಕರೆ ಬಂದಿತ್ತು. ನಾನು ಫೋನಿಟ್ಟ ಮೇಲೆ ಒಬ್ಬಳೇ ಜೋರಾಗಿ ನಕ್ಕೆ.

ಆರಕ್ಕೆ ನಾನು ಹೆಸರು ಇಳಿಸುತ್ತೇನೆ. ದನಿ ತಿರುಚುತ್ತೇನೆ. ಕಿವಿ ಹಿಡಿಯದಿದ್ದರೆ ಐವರನ್ನೂ ಬಳ್ಳಾರಿಗೆ ಅಟ್ಟುತ್ತೇನೆ, ಅವರು ಅಲ್ಲಿಂದ ಮಣ್ಣು ಮುಚ್ಚಿದ ರಸ್ತೆಯಲ್ಲಿ ಏಗಿಕೊಂಡು ಬಂದು ನನ್ನನ್ನು ತೆಗೆದುಹಾಕಲಿ. ಹಿಡಿದರೆ, ಕೈಮಾಪಕ ಹೊತ್ತು ಕಲ್ಲಿನಿಂದ ಕಲ್ಲಿಗೆ ನಡೆದು, ಮುಳ್ಳು ಸೊನ್ನೆಯಲ್ಲಿರುವುದನ್ನು ಕಣ್ಣಾರೆ ನೋಡಿ, ಒಪ್ಪ ಹಾಕಿ ಹೆಸರು ಏರಿಸುತ್ತೇನೆ. ಅವರು ಧೂಳಿನೊಳಗಿಂದ ಕೂದಲೆಳೆಯೂ ಆಚೀಚೆ ಆಗದೆ ಇಳಿಯುತ್ತಾರೆ, ಮೈಮೇಲಿನ ಧೂಳು ಕೊಡವಿಕೊಳ್ಳುತ್ತಾರೆ, ಹತ್ತು ಗಂಟೆಗೆ ನನ್ನ ಎದುರು ಕೂತು ನಿನ್ನಂಥವರು ಬೇಕಿಲ್ಲ ಎನ್ನುತ್ತಾರೆ. ಅನ್ನಲಿ. ಅದನ್ನು ಹೇಳಲು ಅವರು ಜೀವಸಹಿತ ಇಲ್ಲಿಗೆ ಬಂದು ಮುಟ್ಟಬೇಕು, ಮುಟ್ಟಿಸುವವಳು ನಾನು.

ನಿಮ್ಮ ಮೇಲೆ ಸಿಟ್ಟಿರುವ, ಆದರೂ ನಿಮ್ಮ ಕುಲದವಳೇ ಆದ,
ಕಾಟಮ್ಮ
ದನಿಗಾರ್ತಿ, ನೇರಲಹಟ್ಟಿ